ಮೇಲ್ವಿಚಾರಕರ ಎದುರು ಕುಗ್ಗುವ ಆತ್ಮವಿಶ್ವಾಸ

ಪ್ರಶ್ನೆ: ನಾನು ಆಪ್ತಸಮಾಲೋಚನೆಯ ತರಬೇತಿಯಲ್ಲಿದ್ದೇನೆ. ಸಲಹಾರ್ಥಿಗಳೊಡನೆ ಮಾತನಾಡುವಾಗ ಅಷ್ಟೇನೂ ಅಳುಕಿಲ್ಲ. ಆ ಭೇಟಿಗಳ ಬಗ್ಗೆ ಕೇಳಿ ಮಾರ್ಗದರ್ಶನ ನೀಡುವ ಮೇಲ್ವಿಚಾರಕರ ಎದುರು ವಾರಕ್ಕೊಮ್ಮೆ ಕುಳಿತಾಗ ಮಾತ್ರ ಏನೂ ಬಾರದವಳೆನಿಸುತ್ತದೆ. ಚೆನ್ನಾಗಿ ನಡೆದದ್ದನ್ನಷ್ಟೇ ಹೇಳಿ, ತಡವರಿಸಿದ್ದನ್ನು ಮುಚ್ಚಿಡುತ್ತಿದ್ದೇನೆ. ನಾನು ಈ ವೃತ್ತಿಗೆ ತಕ್ಕವಳೇ?

ಉತ್ತರ: ಮುಚ್ಚಿಡುವವರು ನೀವೊಬ್ಬರೇ ಅಲ್ಲ. 1996ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪಾಲ್ಗೊಂಡ ತರಬೇತಿನಿರತರಲ್ಲಿ ಹೆಚ್ಚುಕಡಿಮೆ ಎಲ್ಲರೂ ಮೇಲ್ವಿಚಾರಕರಿಂದ ಏನನ್ನಾದರೂ ಮರೆಮಾಡಿದ್ದು ಕಂಡುಬಂದಿತ್ತು. ಕಲಿಸುವವರೇ ಅಂಕ ಕೊಡುವವರೂ ಆಗಿರುವಾಗ ಈ ಅಂಜಿಕೆ ಸಹಜ. ಆದರೆ ಅದಕ್ಕೆ ನೀವು ತೆರುವ ಬೆಲೆಯನ್ನು ಗಮನಿಸಿ: ಅರ್ಧವನ್ನಷ್ಟೇ ಕೇಳಿದವರು ಮೆಚ್ಚಿದರೆ, ಆ ಮೆಚ್ಚುಗೆಯನ್ನು ನಿಮ್ಮ ಮನಸ್ಸೇ ನಂಬುವುದಿಲ್ಲ. ನಿಮ್ಮ ಆತ್ಮವಿಶ್ವಾಸ ಬೆಳೆಯದಿರುವುದಕ್ಕೆ ಯೋಗ್ಯತೆಯ ಕೊರತೆಗಿಂತ ಇದೇ ಹೆಚ್ಚು ಕಾರಣವೆಂದು ನನಗನ್ನಿಸುತ್ತದೆ.

‘ನನ್ನಿಂದ ಇದು ಸಾಧ್ಯ’ ಎಂಬ ನಂಬಿಕೆಗೆ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ಇತರರು ಮಾಡುವುದನ್ನು ನೋಡುವುದು, ಪ್ರೋತ್ಸಾಹದ ಮಾತು, ದೇಹ–ಮನಸ್ಸುಗಳ ಉದ್ವೇಗವನ್ನು ನಾವು ಅರ್ಥೈಸಿಕೊಳ್ಳುವ ಬಗೆ. ಇವುಗಳಲ್ಲಿ ಮೊದಲನೆಯದೇ ಪ್ರಬಲ. ಆದ್ದರಿಂದ ಮೇಲ್ವಿಚಾರಕರ ‘ಚೆನ್ನಾಗಿ ಮಾಡಿದಿರಿ’ ಎಂಬ ಮಾತಿಗಿಂತ, ‘ಸಲಹಾರ್ಥಿ ಅತ್ತಾಗ ನೀವು ಆತುರಪಡದೆ ಸುಮ್ಮನೆ ಕಾದಿರಿ, ಆಮೇಲೆಯೇ ಅವರು ತಂದೆಯ ವಿಷಯ ತೆಗೆದರು’ ಎಂಬಂಥ ಖಚಿತವಾದ ಮಾತು ಹೆಚ್ಚು ಬಲ ಕೊಡುತ್ತದೆ; ಅದು ನಿಮ್ಮದೇ ಗೆಲುವನ್ನು ನಿಮಗೆ ತೋರಿಸಿಕೊಡುತ್ತದೆ.

ಸಲಹಾರ್ಥಿಯ ಒಪ್ಪಿಗೆಯಿಂದ ಧ್ವನಿಮುದ್ರಿಸಿದ ಭೇಟಿಯೊಂದರಲ್ಲಿ ನೀವು ತಡವರಿಸಿದ ಐದು ನಿಮಿಷಗಳನ್ನೇ ಆರಿಸಿಕೊಂಡು ಹೋಗಿ. ‘ಇಲ್ಲಿ ನನಗೆ ಗಾಬರಿಯಾಯಿತು, ಬೇರೆ ಏನು ಹೇಳಬಹುದಿತ್ತು?’ ಎಂದು ಕೇಳಿ. ಮೇಲ್ವಿಚಾರಕರು ಸಲಹಾರ್ಥಿಯ ಪಾತ್ರ ವಹಿಸಲು ಒಪ್ಪಿದರೆ ಅಲ್ಲಿಯೇ ಮತ್ತೊಮ್ಮೆ ಮಾಡಿ ನೋಡಿ. ಆರಂಭದ ಹಂತದಲ್ಲಿ ಹೆಚ್ಚು ನಿರ್ದಿಷ್ಟವಾದ ಮಾರ್ಗದರ್ಶನವನ್ನು ಬಯಸುವುದು ದೌರ್ಬಲ್ಯವಲ್ಲ, ಅನುಭವ ಕೂಡಿದಂತೆ ಅದರ ಅಗತ್ಯ ತಾನಾಗಿಯೇ ಕಡಿಮೆಯಾಗುತ್ತದೆ. ಸಲಹಾರ್ಥಿಯ ಜೀವಕ್ಕೆ ಅಪಾಯವಿರುವ ಸೂಚನೆ ಸಿಕ್ಕರೆ ಮಾತ್ರ ವಾರದ ಭೇಟಿಗೆ ಕಾಯದೆ ಆಗಲೇ ತಿಳಿಸಬೇಕು.

ಹೀಗೆ ತೆರೆದು ಹೇಳಿದ ಮೇಲೂ ಮೇಲ್ವಿಚಾರಕರು ನಿಮ್ಮನ್ನು ಹೀಯಾಳಿಸಿದರೆ, ಆ ನೋವನ್ನು ಅವರಿಗೇ ತಿಳಿಸಿ. ಫಲವಿಲ್ಲದಿದ್ದರೆ ತರಬೇತಿಯ ಹೊಣೆ ಹೊತ್ತವರಲ್ಲಿ ಬೇರೆ ಮೇಲ್ವಿಚಾರಕರನ್ನು ಕೇಳಲು ಹಿಂಜರಿಯಬೇಡಿ.