ತೋಟದ ಮನೆಗೆ ಗಾಳಿ ಕರೆಂಟು ಆದೀತೇ?

ಮನೆ ಮಟ್ಟದ ಗಾಳಿಯಂತ್ರದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಕಪ್ಪತಗುಡ್ಡದ ಹತ್ತಿರದ ಹಳ್ಳಿ. ಊರಿಂದ ದೂರ, ಹೊಲದಲ್ಲೇ ಮನೆ ಕಟ್ಟಿಕೊಂಡಿದ್ದೇವೆ. ಸೋಲಾರ್ ಪ್ಲೇಟು, ಬ್ಯಾಟರಿ ಇದೆ. ಆಷಾಢ, ಶ್ರಾವಣದಲ್ಲಿ ಮೋಡ ಮುಚ್ಚಿದರೆ ಮೂರನೇ ದಿನಕ್ಕೆ ಬ್ಯಾಟರಿ ಖಾಲಿ. ಸುತ್ತಲೂ ಕಂಪನಿಯವರ ದೊಡ್ಡ ಫ್ಯಾನುಗಳು ತಿರುಗುತ್ತಲೇ ಇರುತ್ತವೆ. ಒಂದು ಕಿಲೋವ್ಯಾಟಿನ ಸಣ್ಣ ಫ್ಯಾನು ಹಾಕಿಸಿದರೆ ದಿನಕ್ಕೆ 24 ಯೂನಿಟ್ ಬರುತ್ತದೆ ಅಂತ ಮಾರುವವರು ಹೇಳುತ್ತಾರೆ. ಹಾಕಿಸಬಹುದಾ ಸರ್?
(ರೈತರೊಬ್ಬರು, ಗದಗ ಜಿಲ್ಲೆ)

ಉತ್ತರ: ಹಾಕಿಸಬಹುದು. ಆದರೆ 24 ಯೂನಿಟ್ಟಿನ ಮಾತು ಬಿಟ್ಟುಬಿಡಿ. ಯಂತ್ರ ಹಗಲೂ ರಾತ್ರಿ ಪೂರ್ತಿ ಶಕ್ತಿಯಲ್ಲಿ ತಿರುಗಿದರೆ ಮಾತ್ರ ಅಷ್ಟು ಸಿಗುತ್ತದೆ. ಆ ಒಂದು ಕಿಲೋವ್ಯಾಟ್ ಬರೋದು ಸಾಮಾನ್ಯವಾಗಿ ಗಾಳಿ ಸೆಕೆಂಡಿಗೆ 11-12 ಮೀಟರ್, ಅಂದರೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬೀಸಿದಾಗ. ಅಂಥ ಗಾಳಿಯಲ್ಲಿ ಕೊಡೆ ಹಿಡಿಯೋದೇ ಕಷ್ಟ. ವರ್ಷದಲ್ಲಿ ಎಷ್ಟು ಹೊತ್ತು ಹಾಗೆ ಬೀಸುತ್ತದೆ ಅಂತ ನಿಮಗೇ ಗೊತ್ತಲ್ವಾ?

ಗಾಳಿಯ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಬೀಳುತ್ತದೆ. ಎಲ್ಲ ಲೆಕ್ಕವೂ ಇದರ ಮೇಲೇ ನಿಂತಿದೆ. ರೆಕ್ಕೆ ಸುತ್ತುವ ವೃತ್ತದ ಅಡ್ಡಳತೆ 2.4 ಮೀಟರ್, ಅಂದರೆ ಸುಮಾರು ಎಂಟಡಿ ಇರುವ ಯಂತ್ರ ತೆಗೆದುಕೊಳ್ಳಿ. ಸರಾಸರಿ ಗಾಳಿ ಸೆಕೆಂಡಿಗೆ 5 ಮೀಟರ್ ಇರುವ ಜಾಗದಲ್ಲಿ ಅದು ದಿನಕ್ಕೆ ಸುಮಾರು 3 ಯೂನಿಟ್ ಕೊಡುತ್ತದೆ. ಸರಾಸರಿ 4 ಮೀಟರ್ ಇದ್ದರೆ ಒಂದೂವರೆಯಿಂದ ಎರಡು. 3 ಮೀಟರ್ ಇದ್ದರೆ ಒಂದು ಯೂನಿಟ್ಟೂ ಹುಟ್ಟುವುದಿಲ್ಲ. ಹಾಗಾಗಿ ಮಾರುವವರ ಹತ್ತಿರ ಕಿಲೋವ್ಯಾಟ್ ಎಷ್ಟು ಅಂತ ಕೇಳಬೇಡಿ. ಅಡ್ಡಳತೆ ಎಷ್ಟು, ಸರಾಸರಿ 4 ಮೀಟರ್ ಗಾಳಿಗೆ ತಿಂಗಳಿಗೆ ಎಷ್ಟು ಯೂನಿಟ್ ಅಂತ ಕೇಳಿ. ಇದಕ್ಕೆ ನೇರ ಉತ್ತರ ಕೊಡದವರ ಹತ್ತಿರ ವ್ಯಾಪಾರ ಬೇಡ.

ದೊಡ್ಡ ಫ್ಯಾನುಗಳನ್ನು ನೋಡಿ ನಿಮ್ಮ ಗಾಳಿ ಅಳೆಯಬೇಡಿ. ಅವುಗಳ ರೆಕ್ಕೆ 80, 100 ಮೀಟರ್ ಎತ್ತರದಲ್ಲಿ ತಿರುಗುತ್ತವೆ. ನಿಮ್ಮ ಮನೆಯ ಎತ್ತರದಲ್ಲಿ ಆ ಗಾಳಿ ಇರುವುದಿಲ್ಲ.

ಇಷ್ಟಾದರೂ ಹಾಕಿಸಬಹುದು ಅಂದಿದ್ದು ಯಾಕೆ ಅಂದರೆ, ನಿಮ್ಮ ಕಡೆ ನೈರುತ್ಯ ಮಾರುತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರಾಗಿ ಬೀಸುತ್ತದೆ. ಸೋಲಾರ್ ಸೊರಗುವ ತಿಂಗಳುಗಳೇ ಗಾಳಿಗೆ ಸುಗ್ಗಿ. ಮಳೆಗಾಲ ಮುಗಿದ ಮೇಲೆ ಗಾಳಿ ಬೀಳುತ್ತದೆ, ಆಗ ಬಿಸಿಲು ಕೈ ಹಿಡಿಯುತ್ತದೆ. ಗದಗ, ಚಿತ್ರದುರ್ಗ, ಹಾವೇರಿ ಸೀಮೆಯವರಿಗೆ ಇದು ನಿಜವಾದ ಅನುಕೂಲ. ಆದ್ದರಿಂದ ಸೋಲಾರ್ ಮೊದಲು, ಗಾಳಿ ಅದರ ಜೋಡಿ. ಬರೀ ಗಾಳಿ ನಂಬಿ ಮನೆ ನಡೆಸಬೇಡಿ. ಐದು ಎಚ್‌ಪಿ ಪಂಪ್‌ಸೆಟ್ಟನ್ನು ಇದರಿಂದ ಓಡಿಸುವ ಯೋಚನೆಯೂ ಬೇಡ. ಅದಕ್ಕೇ 3.7 ಕಿಲೋವ್ಯಾಟ್ ಬೇಕು.

ದುಡ್ಡು ಕೊಡುವ ಮುಂಚೆ ಎರಡು ಕೆಲಸ ಮಾಡಿ. ಗ್ಲೋಬಲ್ ವಿಂಡ್ ಅಟ್ಲಾಸ್ ಎಂಬ ನಕ್ಷೆ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ನಿಮ್ಮ ಹೊಲ ಹುಡುಕಿ, 10 ಮೀಟರ್ ಎತ್ತರದ ವೇಗ ನೋಡಿ. ಅದು ಆಸೆ ಹುಟ್ಟಿಸುವಂತಿದ್ದರೆ ಗಾಳಿಮಾಪಕ ತಂದು, ಯಂತ್ರ ಕೂರಿಸುವ ಎತ್ತರಕ್ಕೇ ಕಟ್ಟಿ, ಒಂದು ಮಳೆಗಾಲ ಮತ್ತು ಒಂದು ಚಳಿಗಾಲ ಅಳೆಯಿರಿ. ಕಂಬದ ಎತ್ತರಕ್ಕೊಂದು ರೂಢಿಯ ಲೆಕ್ಕವಿದೆ. ಸುತ್ತ 100 ಮೀಟರ್ ಒಳಗಿನ ಮರ, ಮನೆ ಯಾವುದಿದೆಯೋ ಅದಕ್ಕಿಂತ 10 ಮೀಟರ್ ಮೇಲೆ ರೆಕ್ಕೆ ಇರಬೇಕು. ಎಂಟು ಮೀಟರಿನ ಬೇವಿನ ಮರ ಇದ್ದರೆ ಕಂಬ 18 ಮೀಟರ್. ಕಂಬಕ್ಕೆ ಬೀಳುವ ಖರ್ಚು ಯಂತ್ರದ ಖರ್ಚಿಗೆ ಸಮ ಬಂದರೂ ಗಾಬರಿಯಾಗಬೇಡಿ. ಕುಳ್ಳ ಕಂಬದ ಮೇಲೆ ದುಬಾರಿ ಯಂತ್ರ ಕೂರಿಸಿದರೆ ಎರಡೂ ದಂಡ.

ಸಬ್ಸಿಡಿ ಸದ್ಯ ಇದೆಯೋ ಇಲ್ಲವೋ ಅಂತ ರಾಜ್ಯ ಸರ್ಕಾರದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್‌ನ ಕಚೇರಿಯಲ್ಲೇ ಕೇಳಿ. ಮಾರುವವರ ಮಾತಿನ ಮೇಲೆ ಮುಂಗಡ ಕೊಡಬೇಡಿ.

ಪ್ರಶ್ನೆ: ನನ್ನದು ವೆಲ್ಡಿಂಗ್ ಮತ್ತು ಲೇತ್ ಕೆಲಸದ ಶೆಡ್ಡು. ಗಾಳಿಯಂತ್ರ ನಾವೇ ಮಾಡೋಣ ಅಂತ ಹುಡುಗರು ಹುಮ್ಮಸ್ಸಿನಲ್ಲಿದ್ದಾರೆ. ಯಾವ ವಿನ್ಯಾಸ ನಂಬಬಹುದು? ಎಲ್ಲಿ ಕೆಡುತ್ತದೆ?
(ವರ್ಕ್‌ಶಾಪ್ ಮಾಲೀಕರು, ರಾಣೆಬೆನ್ನೂರು)

ಉತ್ತರ: ಬಹಳ ಸಂತೋಷ. ನಿಮ್ಮಂಥ ಶೆಡ್ಡಿನಲ್ಲಿ ಹುಟ್ಟಿದ ಯಂತ್ರ ಕೆಟ್ಟರೆ ರಿಪೇರಿಗೆ ಊರೂರು ಅಲೆಯಬೇಕಿಲ್ಲ. ನನ್ನ ಮಟ್ಟಿಗೆ ಅದೇ ದೊಡ್ಡ ಲಾಭ.

ವಿನ್ಯಾಸಕ್ಕೆ ಹ್ಯೂ ಪಿಗೊಟ್ ಅವರದ್ದನ್ನು ಹಿಡಿಯಿರಿ. ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯಲ್ಲಿ ಸ್ಕೋರೇಗ್ ಅಂತ ಒಂದು ಊರಿದೆ. ಅಲ್ಲಿಗೆ ರಸ್ತೆ ಇಲ್ಲ, ಕರೆಂಟಿನ ಲೈನೂ ಇಲ್ಲ. ದೋಣಿಯಲ್ಲಿ ಹೋಗಬೇಕು, ಇಲ್ಲವೇ ನಡೆಯಬೇಕು. 1970ರ ದಶಕದಿಂದ ಅಲ್ಲೇ ನೆಲೆಸಿದ ಪಿಗೊಟ್, ಹಳೇ ವಾಹನಗಳ ಬಿಡಿಭಾಗಗಳಿಂದ ಗಾಳಿಯಂತ್ರ ಮಾಡುತ್ತಾ, ಮುರಿದದ್ದನ್ನು ತಿದ್ದುತ್ತಾ ವಿನ್ಯಾಸವನ್ನು ಪಳಗಿಸಿದರು. ಈಗ ಜಗತ್ತಿನ ಎಷ್ಟೋ ಕಡೆ ಅದನ್ನೇ ನೋಡಿ ಕಟ್ಟುತ್ತಾರೆ. ನಮಗೆ ಹತ್ತಿರದ ಆರೋವಿಲ್‌ನಲ್ಲಿ ಮಿನ್‌ವಾಯು ಎಂಬ ತಂಡ ಇದೇ ಬಗೆಯ ಯಂತ್ರಗಳನ್ನು ಮಾಡುತ್ತಾ, ಕಲಿಸುತ್ತಾ ಬಂದಿದೆ. ಹುಡುಗರನ್ನು ಒಮ್ಮೆ ಕಳಿಸಿ.

2.4 ಮೀಟರಿನ ಯಂತ್ರದಲ್ಲಿ ಎರಡು ಉಕ್ಕಿನ ತಟ್ಟೆ, ಒಂದೊಂದರ ಮೇಲೆ 12 ನಿಯೋಡಿಮಿಯಂ ಮ್ಯಾಗ್ನೆಟ್. ನಡುವೆ ತಾಮ್ರದ ತಂತಿಯ 9 ಕಾಯಿಲ್‌ಗಳನ್ನು ರಾಳದಲ್ಲಿ ಎರಕ ಹೊಯ್ದ ಬಿಲ್ಲೆ. ಅದರಲ್ಲಿ ಕಬ್ಬಿಣವೇ ಇಲ್ಲದ ಕಾರಣ ಮ್ಯಾಗ್ನೆಟ್ ಹಿಡಿದು ನಿಲ್ಲಿಸುವುದಿಲ್ಲ, ಸಣ್ಣ ಗಾಳಿಗೂ ರೆಕ್ಕೆ ಹೊರಡುತ್ತದೆ. ತಿರುಗುವುದಕ್ಕೆ ಕಾರಿನ ಚಕ್ರದ ಹಬ್. ರೆಕ್ಕೆ ಮರದ್ದು, ಕೈಯಲ್ಲೇ ಕೆತ್ತಿದ್ದು. ಒಂದು ಎಚ್ಚರಿಕೆ: ಆ ಎರಡು ತಟ್ಟೆಗಳನ್ನು ಬರಿಗೈಯಲ್ಲಿ ಜೋಡಿಸಬಾರದು. ಒಂದನ್ನೊಂದು ಸೆಳೆದುಕೊಂಡರೆ ನಡುವೆ ಸಿಕ್ಕ ಬೆರಳು ಜಜ್ಜಿಹೋಗುತ್ತದೆ. ಉದ್ದ ಸ್ಕ್ರೂ ರಾಡುಗಳಲ್ಲಿ ಸುತ್ತು ಸುತ್ತಾಗಿ ಇಳಿಸಬೇಕು.

ಎಲ್ಲಿ ಕೆಡುತ್ತದೆ ಅಂದಿರಿ. ಬಾಲವನ್ನು ನೋಡಿ. ಜನ ಅದು ಬರೀ ದಿಕ್ಕು ತೋರಿಸುವುದಕ್ಕೆ ಅಂದುಕೊಳ್ಳುತ್ತಾರೆ. ಬಿರುಗಾಳಿಯಿಂದ ಯಂತ್ರವನ್ನು ಉಳಿಸುವುದೂ ಅದೇ. ರೆಕ್ಕೆಯ ನಡುಬಿಂದು ಕಂಬದ ನೇರಕ್ಕೆ ಇರುವುದಿಲ್ಲ, ಅರ್ಧ ಗೇಣಿನಷ್ಟು ಪಕ್ಕಕ್ಕಿರುತ್ತದೆ. ಹಾಗಾಗಿ ಗಾಳಿ ತಳ್ಳಿದಷ್ಟೂ ರೆಕ್ಕೆ ಪಕ್ಕಕ್ಕೆ ತಿರುಗಲು ನೋಡುತ್ತದೆ, ಬಾಲ ಅದನ್ನು ತಡೆದು ಗಾಳಿಗೆ ಎದುರಾಗಿ ನಿಲ್ಲಿಸುತ್ತದೆ. ಬಾಲದ ತಿರುಗಣಿಯನ್ನು ನೆಟ್ಟಗೆ ಬೆಸೆಯದೆ, ಸುಮಾರು 20 ಡಿಗ್ರಿ ವಾಲಿಸಿ ಬೆಸೆದಿರುತ್ತಾರೆ. ಹಾಗಾಗಿ ಬಾಲ ಮಡಚಬೇಕಾದರೆ ಮೇಲಕ್ಕೆ ಏರಬೇಕು. ಅದರ ತೂಕವೇ ಅದಕ್ಕೆ ತಡೆ. ಗಾಳಿ ಮಿತಿ ಮೀರಿದಾಗ ತೂಕ ಸೋಲುತ್ತದೆ, ಬಾಲ ಏರಿ ಮಡಚುತ್ತದೆ, ರೆಕ್ಕೆ ಗಾಳಿಗೆ ಓರೆಯಾಗುತ್ತದೆ. ಗಾಳಿ ಇಳಿದರೆ ಬಾಲ ತನ್ನಷ್ಟಕ್ಕೆ ಜಾರಿ ಮೊದಲಿನ ಜಾಗಕ್ಕೆ ಬರುತ್ತದೆ. ಸ್ಪ್ರಿಂಗ್ ಇಲ್ಲ, ಮೋಟಾರ್ ಇಲ್ಲ, ಸೆನ್ಸರ್ ಇಲ್ಲ. ಇಷ್ಟು ಚೆಂದದ ರಕ್ಷಣೆ ನಾನು ಬೇರೆ ಸಣ್ಣ ಯಂತ್ರದಲ್ಲಿ ನೋಡಿಲ್ಲ.

ಈ ತಿರುಗಣಿಗೆ ತುಕ್ಕು ಹಿಡಿದರೆ ಬಾಲ ಮಡಚುವುದಿಲ್ಲ. ಇನ್ನೊಂದಿಷ್ಟು ಕರೆಂಟು ಬರಲಿ ಅಂತ ಬಾಲಕ್ಕೆ ತೂಕ ಕಟ್ಟುವವರೂ ಇದ್ದಾರೆ. ಎರಡರ ಫಲವೂ ಒಂದೇ: ಕಾಯಿಲ್ ಕಾದು ರಾಳ ಕಪ್ಪಾಗಿ ಸುಟ್ಟುಹೋಗುತ್ತದೆ. ಮಾಮೂಲಿ ನಿಯೋಡಿಮಿಯಂ ಮ್ಯಾಗ್ನೆಟ್‌ಗಳು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳುತ್ತವೆ. ಆದ್ದರಿಂದ ವಿನ್ಯಾಸದ ಅಳತೆಯಲ್ಲಿ ಬಾಲದ ತೂಕ, ಉದ್ದ, ಕೋನ ಏನಿದೆಯೋ ಅದನ್ನೇ ಇಡಿ.

ಇನ್ನೊಂದು ತಪ್ಪು ವೈರಿಂಗಿನಲ್ಲಿ ಆಗುತ್ತದೆ. ಸೋಲಾರ್ ಕಂಟ್ರೋಲರ್‌ಗೆ ಗಾಳಿಯಂತ್ರ ಸಿಕ್ಕಿಸುತ್ತಾರೆ. ಬ್ಯಾಟರಿ ತುಂಬಿದಾಗ ಸೋಲಾರ್ ಕಂಟ್ರೋಲರ್ ಲೈನ್ ಕತ್ತರಿಸುತ್ತದೆ. ಪ್ಲೇಟಿಗೆ ಅದರಿಂದ ಏನೂ ಆಗದು. ಗಾಳಿಯಂತ್ರಕ್ಕೆ ಹೊರೆ ತಪ್ಪಿದರೆ ರೆಕ್ಕೆ ಲಂಗುಲಗಾಮಿಲ್ಲದೆ ಓಡುತ್ತದೆ. ಸರಿಯಾಗಿ ನಡೆಯುವಾಗಲೇ, ಸೆಕೆಂಡಿಗೆ 10 ಮೀಟರ್ ಗಾಳಿಯಲ್ಲಿ ಆ ರೆಕ್ಕೆಯ ತುದಿ ಗಂಟೆಗೆ 200 ಕಿ.ಮೀ. ದಾಟಿರುತ್ತದೆ. ಆದ್ದರಿಂದ ಬ್ಯಾಟರಿ ತುಂಬಿದ ಮೇಲೆ ಬರುವ ಕರೆಂಟನ್ನು ಹೀಟರ್ ಕಾಯಿಲ್‌ಗೆ ತಿರುಗಿಸುವ ಡಂಪ್ ಲೋಡ್ ಕಂಟ್ರೋಲರ್ರೇ ಬೇಕು. ಅದಕ್ಕೆ ಹೋಗುವ ತಂತಿಯಲ್ಲಿ ಸಡಿಲ ಜಾಯಿಂಟ್ ಇರಕೂಡದು.

ಪ್ರಶ್ನೆ: ನಾಲ್ಕು ಮಹಡಿ ಮನೆಯ ತಾರಸಿ ಮೇಲೆ ನೆಟ್ಟಗೆ ನಿಂತು ತಿರುಗುವ ಗಾಳಿಯಂತ್ರ ಹಾಕಿಸಬೇಕು ಅಂತಿದ್ದೇವೆ. ವಿಡಿಯೋದಲ್ಲಿ ನೋಡಿದೆವು. ಯಾವ ದಿಕ್ಕಿನ ಗಾಳಿಗೂ ಓಡುತ್ತದಂತೆ.
(ಗೃಹಿಣಿ, ಬೆಂಗಳೂರು)

ಉತ್ತರ: ಬೇಡಮ್ಮ. ಅದೇ ದುಡ್ಡಿಗೆ ಸೋಲಾರ್ ಹಾಕಿಸಿ.

ಸುತ್ತಲಿನ ಕಟ್ಟಡಗಳಿಗೆ ಬಡಿದು ಬರುವ ಗಾಳಿ ಸುಳಿಸುಳಿಯಾಗಿರುತ್ತದೆ. ಅದರಲ್ಲಿ ಶಕ್ತಿ ಕಮ್ಮಿ, ಯಂತ್ರಕ್ಕೆ ಪೆಟ್ಟು ಜಾಸ್ತಿ. ಬ್ರಿಟನ್ನಿನಲ್ಲಿ ಮನೆ, ಕಟ್ಟಡಗಳ ಮೇಲೆ ಕೂರಿಸಿದ ಸಣ್ಣ ಯಂತ್ರಗಳನ್ನು ವಾರ್ವಿಕ್ ವಿಂಡ್ ಟ್ರಯಲ್ಸ್ ಎಂಬ ಹೆಸರಿನಲ್ಲಿ ಅಳೆದು ನೋಡಿ 2009ರಲ್ಲಿ ವರದಿ ಕೊಟ್ಟರು. ನಮಗಿಂತ ಗಾಳಿ ಜಾಸ್ತಿ ಇರುವ ದೇಶದಲ್ಲೂ ಬಹುಪಾಲು ಯಂತ್ರಗಳು ತೀರಾ ಕಮ್ಮಿ ಕರೆಂಟು ಕೊಟ್ಟವು. ಕೆಲವು ಉತ್ಪಾದಿಸಿದ್ದಕ್ಕಿಂತ ಜಾಸ್ತಿ ಕರೆಂಟನ್ನು ತಮ್ಮ ಎಲೆಕ್ಟ್ರಾನಿಕ್ಸಿಗೇ ಬಳಸಿಕೊಂಡವು. ಕಟ್ಟಡಕ್ಕೆ ಅದುರುವಿಕೆ ಬೇರೆ, ರಾತ್ರಿ ನಿದ್ದೆ ಬರುವುದಿಲ್ಲ. ವಿಡಿಯೋದಲ್ಲಿ ಏನೇ ಹೇಳಲಿ, ಹಾದುಹೋಗುವ ಗಾಳಿಯ ಶಕ್ತಿಯಲ್ಲಿ 59.3%ಕ್ಕಿಂತ ಜಾಸ್ತಿ ಯಾವ ರೆಕ್ಕೆಯೂ ಹೀರಲಾರದು. ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷದ ಹಿಂದೆಯೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ.

ಪ್ರಶ್ನೆ: ಕಾಫಿ ತೋಟದ ಮನೆ. ಎದುರು ಗುಡ್ಡ, ಹಿಂದೆ ಗುಡ್ಡ, ಪಕ್ಕದಲ್ಲಿ ಹಳ್ಳ. ಗಾಳಿಯಂತ್ರ ಆಗುತ್ತದಾ?
(ಬೆಳೆಗಾರರು, ಸಕಲೇಶಪುರ ತಾಲ್ಲೂಕು)

ಉತ್ತರ: ಹಳ್ಳದ ನೀರು ಎಷ್ಟು ತಿಂಗಳು ಹರಿಯುತ್ತದೆ, ಪೈಪು ಹಾಕಿದರೆ ಎಷ್ಟು ಎತ್ತರದಿಂದ ಬೀಳುತ್ತದೆ ಅಂತ ಮೊದಲು ಅಳೆಸಿ. ಮಲೆನಾಡಿನಲ್ಲಿ ಎಷ್ಟೋ ಮನೆಗಳು ಕಿರು ಜಲವಿದ್ಯುತ್ ಯಂತ್ರದಿಂದ ಮಳೆಗಾಲ ಕಳೆಯುತ್ತವೆ. ಗುಡ್ಡದ ಮರೆಯಲ್ಲಿ, ಮರಗಳ ನಡುವೆ ಗಾಳಿಯಂತ್ರಕ್ಕೆ ಕೆಲಸವಿಲ್ಲ.

ಪ್ರಶ್ನೆ: ನಮ್ಮ ತೋಟದಲ್ಲಿ ಗಾಳಿಯಂತ್ರ ಹಾಕಿಸಿ ಮೂರು ವರ್ಷವಾಯಿತು. ಮೊದಲು ಸದ್ದೇ ಇರಲಿಲ್ಲ. ಈಗ ಗುರ್ ಅನ್ನುತ್ತದೆ, ಕಂಬಕ್ಕೆ ಕೈಯಿಟ್ಟರೆ ನಡುಗುತ್ತದೆ. ಹಾಕಿದವರು ಫೋನ್ ಎತ್ತುತ್ತಿಲ್ಲ.
(ಓದುಗರು, ಬೆಳಗಾವಿ ಜಿಲ್ಲೆ)

ಉತ್ತರ: ಗಾಳಿ ಕಮ್ಮಿ ಇರುವ ಹೊತ್ತು ನೋಡಿ ಯಂತ್ರ ನಿಲ್ಲಿಸಿ. ಮೂರೂ ಫೇಸ್ ತಂತಿ ಒಟ್ಟಿಗೆ ಸೇರಿಸುವ ಬ್ರೇಕ್ ಸ್ವಿಚ್ ಇರುತ್ತದೆ, ಅದನ್ನು ಹಾಕಿ. ಜೋರು ಗಾಳಿಯಲ್ಲಿ ಹಾಕಿದರೆ ಕಾಯಿಲ್ ಸುಡಬಹುದು, ಅದಕ್ಕೇ ಹೊತ್ತು ನೋಡಿ ಅಂದೆ. ರಿಪೇರಿ ಆಗುವವರೆಗೆ ಓಡಿಸಬೇಡಿ. ಅದುರುತ್ತಾ ಓಡಿದರೆ ಬೋಲ್ಟು ಸಡಿಲ, ಬೆಸುಗೆ ಬಿರುಕು, ಆಮೇಲೆ ರೆಕ್ಕೆಯೇ ಹಾರಿಹೋದೀತು.

ಸಾಮಾನ್ಯವಾಗಿ ಕಾರಣ ಮೂರರಲ್ಲಿ ಒಂದು. ರೆಕ್ಕೆಯ ಗಾಳಿ ಸೀಳುವ ಅಂಚು ಮಳೆ, ಧೂಳಿಗೆ ಸವೆದಿರುತ್ತದೆ, ಅಥವಾ ಒಂದು ರೆಕ್ಕೆ ನೀರು ಕುಡಿದು ಭಾರವಾಗಿರುತ್ತದೆ. ಬೇರಿಂಗಿನಲ್ಲಿ ಗ್ರೀಸ್ ಮುಗಿದಿರುತ್ತದೆ. ಇಲ್ಲವೇ ಕಂಬವನ್ನು ಸುತ್ತಲಿಂದ ಎಳೆದು ಹಿಡಿಯುವ ಸ್ಟೇ ವೈರ್ ಸಡಿಲವಾಗಿರುತ್ತದೆ. ಮೂರನೆಯದನ್ನು ನೆಲದಲ್ಲಿ ನಿಂತೇ ನೋಡಬಹುದು. ನಿಮ್ಮದು ಎರೆ ನೆಲವಾದರೆ ಅಲ್ಲಿಂದಲೇ ಶುರು ಮಾಡಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಹಾಗೆ ಉಬ್ಬಿ ಬಿರಿದು, ವೈರನ್ನು ನೆಲಕ್ಕೆ ಹಿಡಿದಿರುವ ಆಂಕರ್ ಕಾಂಕ್ರೀಟು ಅಲುಗಿ ವೈರ್ ಜೋತುಬೀಳುತ್ತದೆ. ವೈರ್ ಬಿಗಿಸುವ ತಿರುಪು, ಅಂದರೆ ಟರ್ನ್‌ಬಕಲ್ ತಿರುಗಿಸಿ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಅದರ ನಡುವೆ ಒಂದು ತುಂಡು ತಂತಿ ತೂರಿಸಿ ಸುತ್ತಿ ಕಟ್ಟಿ. ಇಲ್ಲದಿದ್ದರೆ ಅದುರಿಗೆ ತಾನೇ ಬಿಚ್ಚಿಕೊಳ್ಳುತ್ತದೆ. ಎಷ್ಟೋ ಕಂಬ ಬಿದ್ದಿರೋದು ಈ ಒಂದು ತುಂಡು ತಂತಿ ಇಲ್ಲದೆ.

ಮಿಕ್ಕ ಎರಡಕ್ಕೆ ಕಂಬ ಇಳಿಸಬೇಕು. ಬುಡದಲ್ಲಿ ಕೀಲು ಇರುವ ಕಂಬವಾದರೆ ನಾಲ್ಕು ಜನ ಮತ್ತು ಒಂದು ಕೈ ವಿಂಚ್ ಸಾಕು. ಟ್ರ್ಯಾಕ್ಟರ್‌ನಿಂದ ಎಳೆಸಬೇಡಿ, ವೈರ್ ಎಲ್ಲಾದರೂ ಸಿಕ್ಕಿಕೊಂಡರೆ ಡ್ರೈವರಿಗೆ ಗೊತ್ತಾಗುವುದೇ ಇಲ್ಲ. ಬೀಳುವ ದಿಕ್ಕಿನಲ್ಲಿ ಯಾರೂ ನಿಲ್ಲಬಾರದು. ಕೆಳಗೆ ಬಂದ ಮೇಲೆ ರೆಕ್ಕೆಗಳನ್ನು ಬಿಚ್ಚಿ ಒಂದೊಂದಾಗಿ ತೂಗಿ, ಸವೆದ ಅಂಚಿಗೆ ಎಪಾಕ್ಸಿ ತುಂಬಿ ಉಜ್ಜಿ, ಬಣ್ಣ ಹಚ್ಚಿ. ಮತ್ತೆ ಜೋಡಿಸಿ ಬ್ಯಾಲೆನ್ಸ್ ನೋಡಿ. ಬಾಲದ ತಿರುಗಣಿಗೂ ಗ್ರೀಸ್ ಹಾಕಿ, ಕೈಯಲ್ಲಿ ಎತ್ತಿ ಬಿಟ್ಟರೆ ಸಲೀಸಾಗಿ ಜಾರುತ್ತದಾ ನೋಡಿ. ಅರ್ಥಿಂಗ್ ತಂತಿ ಕಂಬದ ಬುಡದಲ್ಲಿ ತುಂಡಾಗಿದ್ದರೆ ಸಿಡಿಲಿನ ಕಾಲಕ್ಕೆ ಮುಂಚೆ ಹೊಸದು ಹಾಕಿ.

ಇದನ್ನು ವರ್ಷಕ್ಕೆ ಎರಡು ಸಲ ಮಾಡಬೇಕು: ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ದೀಪಾವಳಿ ಹೊತ್ತಿಗೆ ಇನ್ನೊಮ್ಮೆ. ಹಾಕಿದವರು ಫೋನ್ ಎತ್ತದಿದ್ದರೆ ಊರಿನ ಬೋರ್‌ವೆಲ್ ಮೋಟಾರ್ ಎತ್ತುವ ಹುಡುಗರನ್ನು ಕರೆಸಿ. ಪೈಪು, ಹಗ್ಗ, ಚೈನ್ ಪುಲ್ಲಿ ಎಲ್ಲ ಅವರ ಹತ್ತಿರ ಇರುತ್ತದೆ, ಭಾರ ಇಳಿಸುವ ಕೈ ಪಳಗಿರುತ್ತದೆ. ಮೊದಲ ಸಲ ನೀವು ಪಕ್ಕದಲ್ಲೇ ನಿಂತು, ಯಾವ ವೈರ್ ಯಾವಾಗ ಬಿಡಬೇಕು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.