ಮೀಟಿಂಗ್‌ನಲ್ಲಿ ಬಾಯಿ ಬಿಡದವರಿಗೆ ಎಷ್ಟು ರೇಟಿಂಗ್?

ಪ್ರಶ್ನೆ: ನಾನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರ್. ವಯಸ್ಸು 36. ಹೋದ ವರ್ಷದಿಂದ ನನ್ನ ಟೀಮ್‌ನಲ್ಲಿ ಟೋಕಿಯೊ, ಆಮ್‌ಸ್ಟರ್‌ಡ್ಯಾಮ್, ಸಾವೊ ಪೌಲೊ ಕಚೇರಿಯವರೂ ಇದ್ದಾರೆ. ಪ್ರತಿ ಮಂಗಳವಾರ ಸಂಜೆ 5.30ಕ್ಕೆ ಎಲ್ಲರೂ ಸೇರುವ ಮೀಟಿಂಗ್. ಟೋಕಿಯೊದ ಹಿರಿಯ ಎಂಜಿನಿಯರ್ ಒಬ್ಬರು ಅಲ್ಲಿ ಬಾಯೇ ಬಿಡುವುದಿಲ್ಲ. ಹೋದ ತಿಂಗಳು ಡೆಡ್‌ಲೈನ್ ಬಗ್ಗೆ ಕೇಳಿದಾಗ 'ಇದನ್ನು ಇನ್ನೊಮ್ಮೆ ನೋಡಬೇಕಾಗುತ್ತದೆ' ಎಂದಷ್ಟೇ ಹೇಳಿ ಸುಮ್ಮನಾದರು. ಕೆಲಸ ಮುಗಿಯಲಿಲ್ಲ. ಕ್ಲೈಂಟ್ ಮುಂದೆ ನಾನು ತಲೆ ತಗ್ಗಿಸಬೇಕಾಯಿತು. ಆಮ್‌ಸ್ಟರ್‌ಡ್ಯಾಮ್‌ನವರದು ಇನ್ನೊಂದು ರೀತಿ. ಎಲ್ಲರ ಎದುರಿಗೇ 'ಈ ಪ್ಲಾನ್ ನಡೆಯಲ್ಲ, ಟೆಸ್ಟಿಂಗ್‌ಗೆ ಸಮಯವೇ ಇಲ್ಲ' ಎಂದುಬಿಟ್ಟರು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಈಗೀಗ ಅವರನ್ನು ಮೇಲ್‌ಗಳಿಂದ ಬಿಟ್ಟುಬಿಡುತ್ತಿದ್ದೇನೆ. ಸಾವೊ ಪೌಲೊದವರ ಜೊತೆ ಮಾತ್ರ ಚೆನ್ನಾಗಿ ಹೊಂದಿಕೊಂಡಿದೆ, ಅವರಿಗೆ ಎಲ್ಲರಿಗಿಂತ ಒಳ್ಳೆಯ ರೇಟಿಂಗ್ ಕೊಟ್ಟಿದ್ದೇನೆ. ಟೋಕಿಯೊದವರಿಗೆ 'ಆಸಕ್ತಿ ಇಲ್ಲ' ಎಂದು ಕಡಿಮೆ ರೇಟಿಂಗ್ ಬರೆದಿಟ್ಟಿದ್ದೇನೆ, ಆದರೆ ಕಳಿಸಲು ಮನಸ್ಸು ಬರುತ್ತಿಲ್ಲ. ಅಷ್ಟರಲ್ಲಿ ನನ್ನ ಅಪ್ರೈಸಲ್‌ನಲ್ಲಿ ನನ್ನ ಬಾಸ್ 'ಗ್ಲೋಬಲ್ ಮೈಂಡ್‌ಸೆಟ್ ಬೆಳೆಸಿಕೊಳ್ಳಬೇಕು' ಎಂದು ಬರೆದಿದ್ದಾರೆ. ಒಬ್ಬೊಬ್ಬರ ಮುಂದೆ ಒಂದೊಂದು ವೇಷ ಹಾಕಬೇಕಾ? ನಾನು ನಾನಾಗಿರುವುದು ತಪ್ಪಾ?

– ಹೆಸರು ಬೇಡ

ಉತ್ತರ: ಕಳಿಸಲು ಮನಸ್ಸು ಬರುತ್ತಿಲ್ಲ ಎಂದಿದ್ದೀರಲ್ಲ, ಆ ಹಿಂಜರಿಕೆಯ ಮಾತು ಕೇಳಿ. ಆ ರೇಟಿಂಗ್ ಸದ್ಯಕ್ಕೆ ಕಳಿಸಬೇಡಿ.

ಸಂಸ್ಕೃತಿಯ ವಿಷಯಕ್ಕೆ ಹೋಗುವ ಮೊದಲು ಗಡಿಯಾರ ನೋಡೋಣ. ನಿಮ್ಮ ಸಂಜೆ 5.30 ಅಂದರೆ ಟೋಕಿಯೊದಲ್ಲಿ ರಾತ್ರಿ 9 ಗಂಟೆ. ಸಾವೊ ಪೌಲೊದಲ್ಲಿ ಬೆಳಿಗ್ಗೆ 9. ಈ ಎರಡು ನಗರಗಳ ನಡುವೆ ಸರಿಯಾಗಿ 12 ಗಂಟೆಗಳ ಅಂತರ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಧ್ಯಾಹ್ನ 1 ಗಂಟೆ, ಅವರ ಬೇಸಿಗೆಯಲ್ಲಿ 2. ನಿಮ್ಮ ಟೀಮ್‌ನಲ್ಲಿ ಚುರುಕಾಗಿ ನಗುನಗುತ್ತಾ ಮಾತಾಡುವವರು ಆಗತಾನೇ ದಿನ ಶುರು ಮಾಡಿದವರು. ಮಾತಾಡದವರು ದಿನವಿಡೀ ದುಡಿದು, ರಾತ್ರಿ ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂತವರು. ಒಂದು ವಾರವಲ್ಲ, ಪ್ರತಿ ವಾರವೂ. ಅವರಿಗೆ ಆಸಕ್ತಿ ಇಲ್ಲ ಎಂದು ಬರೆಯುವ ಮೊದಲು, ವರ್ಷವಿಡೀ ಮಂಗಳವಾರದ ರಾತ್ರಿಯನ್ನು ಆಫೀಸಿಗೆ ಕೊಟ್ಟಿದ್ದಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಅಲ್ವಾ?

ನಾಲ್ಕೂ ಕಡೆಗೆ ಹಿತವಾದ ಹೊತ್ತು ಸಿಗುವುದಿಲ್ಲ, ನಿಜ. ಆದರೆ ಕಷ್ಟವನ್ನು ಸರದಿಯ ಮೇಲೆ ಹಂಚಿಕೊಳ್ಳಬಹುದು. ಒಂದು ತಿಂಗಳು ಅವರಿಗೆ ರಾತ್ರಿ, ಇನ್ನೊಂದು ತಿಂಗಳು ಬೇರೆಯವರಿಗೆ. ಆ ಸರದಿಯಲ್ಲಿ ನಿಮ್ಮ ಹೆಸರೂ ಇರಲಿ. ಮ್ಯಾನೇಜರ್ ತಾನೇ ನಸುಕಿನಲ್ಲಿ ಎದ್ದು ಕೂತದ್ದನ್ನು ಜನ ಗಮನಿಸುತ್ತಾರೆ. ಎಲ್ಲರೂ ಒಟ್ಟಿಗೆ ಇರಲೇಬೇಕಾದ ಮೀಟಿಂಗ್ ವಾರಕ್ಕೊಮ್ಮೆ ನಿಜಕ್ಕೂ ಬೇಕಾ ಎಂದೂ ಯೋಚಿಸಿ. ಜಾಸ್ತಿ ವಿಷಯಗಳು ಬರವಣಿಗೆಯಲ್ಲೇ ಮುಗಿಯುತ್ತವೆ.

ಇನ್ನೊಂದು ಕಾರಣ, ಭಾಷೆಯ ತೊಡಕು. ಇಂಗ್ಲಿಷ್ ಅಷ್ಟು ರೂಢಿಯಿಲ್ಲದವರು ಕೇಳಿಸಿಕೊಂಡದ್ದನ್ನು ಅರ್ಥ ಮಾಡಿಕೊಂಡು, ಉತ್ತರವನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಂಡು, ಬಾಯಿ ತೆರೆಯುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತದೆ. ಮಧ್ಯೆ ಬಾಯಿ ಹಾಕುವುದು ಒರಟುತನ ಎಂದು ಕಲಿತವರಿಗಂತೂ ಸರದಿ ಬರುವುದೇ ಇಲ್ಲ. ಆ ಎಂಜಿನಿಯರ್‌ಗೂ ಹೀಗೇ ಆಗಿರಬಹುದು. ಪ್ರಶ್ನೆಗಳನ್ನು ಒಂದು ದಿನ ಮೊದಲೇ ಕಳಿಸಿದರೆ, ಬರೆದು ಉತ್ತರಿಸಲು ಬಿಟ್ಟರೆ, ಇದುವರೆಗೆ ನೀವು ನೋಡಿರದ ಒಬ್ಬ ಎಂಜಿನಿಯರ್ ಅಲ್ಲಿ ಕಾಣಿಸಬಹುದು.

ಇಷ್ಟು ಸರಿಮಾಡಿದ ಮೇಲೂ ಉಳಿಯುವುದು ಸಂಸ್ಕೃತಿಯ ಪ್ರಶ್ನೆ. ಎಡ್ವರ್ಡ್ ಹಾಲ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು 1970ರ ದಶಕದಲ್ಲಿ ಒಂದು ವ್ಯತ್ಯಾಸ ತೋರಿಸಿಕೊಟ್ಟರು. ಕೆಲವು ಸಮಾಜಗಳಲ್ಲಿ ಹೇಳಬೇಕಾದದ್ದೆಲ್ಲ ಮಾತಿನಲ್ಲೇ ಇರುತ್ತದೆ. ಇನ್ನು ಕೆಲವು ಕಡೆ ಯಾರು, ಯಾವಾಗ, ಯಾರ ಎದುರು ಹೇಳಿದರು, ಎಲ್ಲಿ ಸುಮ್ಮನಾದರು ಎಂಬುದರಲ್ಲಿ ಅರ್ಧ ವಿಷಯ ಇರುತ್ತದೆ. ಜಪಾನನ್ನು ಅವರು ಎರಡನೆಯ ಗುಂಪಿಗೆ ಸೇರಿಸಿದ್ದರು. ಜಪಾನಿನ ಅನೇಕ ಕಂಪನಿಗಳಲ್ಲಿ ಒಂದು ನಿರ್ಧಾರ ಸಭೆಗೆ ಬರುವ ಮೊದಲೇ ಒಬ್ಬೊಬ್ಬರ ಹತ್ತಿರ ಹೋಗಿ ಮಾತಾಡಿ, ಅವರ ತಕರಾರು ಕೇಳಿ ಹದ ಮಾಡಿಕೊಂಡಿರುತ್ತಾರೆ. ಇದಕ್ಕೆ ನೆಮವಾಶಿ ಎನ್ನುತ್ತಾರೆ. ಇಂಥ ವಾತಾವರಣದಲ್ಲಿ ಬೆಳೆದವರಿಗೆ ಸಭೆ ಎಂದರೆ ಜಗಳ ಮುಗಿದ ಮೇಲಿನ ಜಾಗ. ಅಲ್ಲಿ ಮ್ಯಾನೇಜರ್‌ಗೆ 'ಆಗಲ್ಲ' ಎಂದು ಎಲ್ಲರ ಮುಂದೆ ಹೇಳುವುದು ಅವರಿಗೆ ನಿಮ್ಮನ್ನು ಅವಮಾನ ಮಾಡಿದಂತೆ. 'ಇನ್ನೊಮ್ಮೆ ನೋಡಬೇಕಾಗುತ್ತದೆ' ಎಂದಾಗ ಬಹುಶಃ ಅವರು ತಮ್ಮ ಕೈಲಾದಷ್ಟು ಗಟ್ಟಿಯಾಗಿಯೇ ನಿಮ್ಮನ್ನು ಎಚ್ಚರಿಸಿದ್ದರು.

'ಬಹುಶಃ' ಎಂಬುದನ್ನು ಬೇಕೆಂದೇ ಹಾಕಿದ್ದೇನೆ. ಗೀರ್ಟ್ ಹಾಫ್‌ಸ್ಟೆಡ್ ಎಂಬ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 1967ರಿಂದ 1973ರ ನಡುವೆ ಐಬಿಎಂ ಕಂಪನಿಯ ಹತ್ತಾರು ದೇಶಗಳ ನೌಕರರಿಂದ ಬಂದ ಒಂದು ಲಕ್ಷಕ್ಕೂ ಹೆಚ್ಚು ಉತ್ತರಪತ್ರಗಳನ್ನು ಇಟ್ಟುಕೊಂಡು ದೇಶ ದೇಶಗಳ ನಡುವಿನ ವ್ಯತ್ಯಾಸಗಳನ್ನು ಅಳೆದರು. ಇವತ್ತಿಗೂ ಮ್ಯಾನೇಜರ್‌ಗಳ ತರಬೇತಿಯಲ್ಲಿ ಆ ಅಂಕಿಗಳನ್ನು ತೋರಿಸುತ್ತಾರೆ. ಆದರೆ ಅವು ದೇಶದ ಸರಾಸರಿಗಳು, ಒಬ್ಬ ವ್ಯಕ್ತಿಗೆ ಹಚ್ಚಬೇಡಿ ಎಂದು ಹಾಫ್‌ಸ್ಟೆಡ್ ಅವರೇ ಎಚ್ಚರಿಸಿದ್ದರು. ತರಬೇತಿಯಲ್ಲಿ ಈ ಮಾತು ಬೇಗ ಮರೆತುಹೋಗುತ್ತದೆ, ಅದು ನನಗೆ ಬೇಸರದ ವಿಷಯ. 'ಅವರು ಜಪಾನಿನವರು, ಹಾಗಾಗಿ ಮಾತಾಡಲ್ಲ' ಎಂದು ನಿರ್ಧರಿಸುವುದೂ 'ಆಸಕ್ತಿ ಇಲ್ಲ' ಎಂದು ನಿರ್ಧರಿಸುವಷ್ಟೇ ಅನ್ಯಾಯ. ಎರಡರಲ್ಲೂ ನೀವು ಆ ಮನುಷ್ಯನನ್ನು ಕೇಳಿಲ್ಲ.

ಹಾಗಾದರೆ ಕೇಳುವುದು ಹೇಗೆ? ಅವರ ಹಗಲಿನ ಹೊತ್ತಿನಲ್ಲಿ, ಇಬ್ಬರೇ ಕೂತು. 'ಯಾಕೆ ಮಾತಾಡಲ್ಲ?' ಎಂದು ಶುರು ಮಾಡಬೇಡಿ, ಅದು ವಿಚಾರಣೆಯಾಗುತ್ತದೆ. 'ಹೋದ ತಿಂಗಳ ಆ ದಿನ ನಿಮಗೆ ಏನು ಅನ್ನಿಸಿತ್ತು? ನಿಮ್ಮ ಮಾತು ನನಗೆ ಸರಿಯಾಗಿ ತಲುಪಲಿಲ್ಲ ಅನ್ನಿಸುತ್ತಿದೆ' ಎನ್ನಿ. ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಕೇಳಬೇಡಿ. 'ಶುಕ್ರವಾರಕ್ಕೆ ಆಗುತ್ತಾ?' ಎಂದರೆ ಮರ್ಯಾದೆಗಾಗಿ ಹೌದು ಎನ್ನುವವರು ಎಲ್ಲ ದೇಶದಲ್ಲೂ ಇದ್ದಾರೆ. 'ಶುಕ್ರವಾರಕ್ಕೆ ಮುಗಿಯಬೇಕಾದರೆ ಏನೇನು ಬೇಕು, ಎಲ್ಲಿ ಸಿಕ್ಕಿಹಾಕಿಕೊಳ್ಳಬಹುದು?' ಎಂದರೆ ನಿಜ ಹೊರಬರುತ್ತದೆ. ಕೇಳಿದ ಮೇಲೆ ಮೌನವನ್ನು ಸಹಿಸಿ. ನೀವೇ ಮಾತು ತುಂಬಿಸಲು ಹೋಗಬೇಡಿ.

ಒಬ್ಬರ ಜೊತೆ ಒಂದು ಒಳ್ಳೆಯ ಮಾತುಕತೆ ಸಾಕಾಗುವುದಿಲ್ಲ. 'ಇಲ್ಲ' ಎಂದು ಹೇಳುವ ದಾರಿಯನ್ನು ಟೀಮ್‌ನವರೆಲ್ಲ ಸೇರಿ ಗಟ್ಟಿ ಮಾಡಿಕೊಳ್ಳಬೇಕು. ಇದು ಎಷ್ಟು ಮುಖ್ಯ ಎಂಬುದಕ್ಕೆ ಒಂದು ಘೋರ ಉದಾಹರಣೆ ಇದೆ. 1990ರ ಜನವರಿ 25ರಂದು ಕೊಲಂಬಿಯಾದ ಏವಿಯಾಂಕಾ ಕಂಪನಿಯ ವಿಮಾನವೊಂದು ನ್ಯೂಯಾರ್ಕ್ ಹತ್ತಿರ ಬಿತ್ತು. ಒಳಗಿದ್ದ 158 ಜನರಲ್ಲಿ 73 ಜನ ಸತ್ತರು. ಇಳಿಯಲು ಅವಕಾಶ ಸಿಗದೆ ಒಂದು ಗಂಟೆಗೂ ಜಾಸ್ತಿ ಆಕಾಶದಲ್ಲೇ ಸುತ್ತುತ್ತಿದ್ದ ವಿಮಾನದ ಇಂಧನ ಮುಗಿದುಹೋಗಿತ್ತು. ಇಂಧನ ಕಡಿಮೆಯಾಗುತ್ತಿದೆ ಎಂದು ಸಹ ಪೈಲಟ್ ಕಂಟ್ರೋಲರ್‌ಗಳಿಗೆ ಹೇಳಿದ್ದರು. ಆದರೆ ತುರ್ತು ಪರಿಸ್ಥಿತಿ ಎಂದು ಘೋಷಿಸಿರಲಿಲ್ಲ. ಕೇಳಿದವರಿಗೆ ಅಪಾಯ ಎಷ್ಟು ಹತ್ತಿರವಿದೆ ಎಂದು ಗೊತ್ತಾಗಲಿಲ್ಲ. ತನಿಖೆ ನಡೆಸಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಪೈಲಟ್‌ಗಳ ತಪ್ಪನ್ನು ಎತ್ತಿ ಹೇಳಿತು. ಅದರ ಜೊತೆಗೆ, ಇಂಧನ ಯಾವ ಮಟ್ಟಕ್ಕೆ ಇಳಿದಾಗ ಏನು ಹೇಳಬೇಕು ಎಂಬುದಕ್ಕೆ ಎಲ್ಲರಿಗೂ ಅರ್ಥವಾಗುವ ಒಂದೇ ಬಗೆಯ ಭಾಷೆ ಇರಲಿಲ್ಲ ಎಂಬುದನ್ನೂ ಕಾರಣಗಳಲ್ಲಿ ಸೇರಿಸಿತು.

ಪೈಲಟ್‌ಗಳಿಗೆ ಧೈರ್ಯ ಬೇಕಿತ್ತು ಎಂದಷ್ಟೇ ಹೇಳಿ ಕೈತೊಳೆದುಕೊಂಡಿದ್ದರೆ ಈ ಎರಡನೆಯ ಮಾತು ಹೊರಗೆ ಬರುತ್ತಿರಲಿಲ್ಲ. ನಿಮ್ಮ ಕೆಲಸದಲ್ಲಿ ಯಾರೂ ಸಾಯುವುದಿಲ್ಲ, ಆದರೆ ಸಮಸ್ಯೆಯ ಸ್ವರೂಪ ಇದೇ. ಪ್ರತಿ ಕೆಲಸದ ಮುಂದೆ ಶೀಟ್‌ನಲ್ಲಿ ಹಸಿರು, ಹಳದಿ, ಕೆಂಪು ಗುರುತು ಇರಲಿ. ದಿನಾಂಕ ತಪ್ಪುವ ಸಾಧ್ಯತೆ ಕಂಡ ಕೂಡಲೇ ಹಳದಿ. ಹಳದಿ ಹಾಕಿದವರು ಕಾರಣ ಬರೆದರೆ ಸಾಕು, ಯಾರೂ ಗದರುವಂತಿಲ್ಲ. ಹೀಗೆ ಮಾಡಿದರೆ ಸಂಕೋಚದವರು ಯಾರ ಮುಖವನ್ನೂ ನೋಡದೆ ನಿಜ ಹೇಳಬಹುದು. ಮೊದಲ ಕೆಂಪು ಗುರುತು ಬಂದ ದಿನ ನಿಮ್ಮ ಪರೀಕ್ಷೆ. ಅವತ್ತು ನಿಮ್ಮ ದನಿ ಏರಿದರೆ ಆಮೇಲೆ ಶೀಟ್ ತುಂಬಾ ಹಸಿರೇ ಇರುತ್ತದೆ, ಕೆಲಸ ಮಾತ್ರ ಆಗಿರುವುದಿಲ್ಲ.

ಆಮ್‌ಸ್ಟರ್‌ಡ್ಯಾಮ್‌ನವರ ವಿಷಯಕ್ಕೆ ಬರುತ್ತೇನೆ. ನಿಮಗೆ ನೋವಾಗಿದೆ, ಅದನ್ನು ನಾನು ಹಗುರ ಮಾಡುವುದಿಲ್ಲ. ಎಲ್ಲರ ಮುಂದೆ ಅಂಥ ಮಾತು ಕೇಳಿದರೆ ಯಾರಿಗೂ ಚುಚ್ಚುತ್ತದೆ. ಆದರೆ ಅವರು ಹೇಳಿದ್ದು ನಿಮ್ಮ ಪ್ಲಾನ್ ಬಗ್ಗೆ. ಕಾರಣವನ್ನೂ ಕೊಟ್ಟಿದ್ದರು: ಟೆಸ್ಟಿಂಗ್‌ಗೆ ಸಮಯವಿಲ್ಲ. ಅದು ಸರಿಯೋ ತಪ್ಪೋ ಎಂದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ನೆದರ್‌ಲ್ಯಾಂಡ್ಸ್‌ನ ಎಷ್ಟೋ ಕಚೇರಿಗಳಲ್ಲಿ ಹೀಗೆ ನೇರವಾಗಿ ಹೇಳುವುದನ್ನು ಪ್ರಾಮಾಣಿಕತೆ ಎಂದೇ ತಿಳಿಯುತ್ತಾರೆ, ಸುತ್ತಿ ಬಳಸಿ ಹೇಳಿದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಅವರನ್ನು ಮೇಲ್‌ಗಳಿಂದ ಬಿಡುತ್ತಿದ್ದೀರಿ ಎಂಬುದು ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಸಾಲು. ಇದು ನೇರವಾಗಿ ಮಾತಾಡಿದ್ದಕ್ಕೆ ಕೊಟ್ಟ ಶಿಕ್ಷೆ. ಟೀಮ್‌ನ ಉಳಿದವರು ಇದನ್ನು ನೋಡಿದ್ದರೆ, ಟೋಕಿಯೊದವರ ಮೌನಕ್ಕೆ ಇನ್ನೊಂದು ಕಾರಣ ಸಿಕ್ಕಂತಾಯಿತು. ಇವತ್ತೇ ಅವರನ್ನು ಮತ್ತೆ ಸೇರಿಸಿಕೊಳ್ಳಿ. ಜೊತೆಗೆ, ನಿಮಗೆ ಬೇಕಾದದ್ದನ್ನೂ ಕೇಳಿ: 'ನಿಮ್ಮ ತಕರಾರು ನನಗೆ ಬೇಕು. ಮೀಟಿಂಗ್‌ಗೆ ಮೊದಲೇ ಬರೆದು ಕಳಿಸಿದರೆ ಪರಿಹಾರ ಹುಡುಕಿಕೊಂಡು ಬರಬಹುದು.' ಅವರೂ ಸ್ವಲ್ಪ ಬಗ್ಗಲಿ. ಎಲ್ಲವನ್ನೂ ಸಹಿಸುವುದು ನಿಮ್ಮ ಕೆಲಸವಲ್ಲ. ಯಾರಾದರೂ ಒಬ್ಬರನ್ನು ಹೀಯಾಳಿಸಿದರೆ, ಹೆಣ್ಣುಮಕ್ಕಳ ಮಾತನ್ನು ಪದೇ ಪದೇ ತುಂಡರಿಸಿದರೆ 'ಅವರ ಕಡೆ ಹಾಗೇ' ಎಂಬ ಸಬೂಬನ್ನು ಒಪ್ಪಬೇಡಿ.

ಸಾವೊ ಪೌಲೊದವರಿಗೆ ಕೊಟ್ಟ ರೇಟಿಂಗನ್ನೂ ಒಮ್ಮೆ ತೆಗೆದು ನೋಡಿ. ಕೆಲಸಕ್ಕೆ ಕೊಟ್ಟದ್ದೆಷ್ಟು, ಸಲುಗೆಗೆ ಕೊಟ್ಟದ್ದೆಷ್ಟು?

ಈಗ ನಿಮ್ಮ ದೊಡ್ಡ ಪ್ರಶ್ನೆ: ವೇಷ ಹಾಕಬೇಕಾ? ಬೇಡ. 1969ರಲ್ಲೇ ಹೊವಾರ್ಡ್ ಪರ್ಲ್‌ಮಟರ್ ಎಂಬ ಪ್ರೊಫೆಸರ್ ಬಹುರಾಷ್ಟ್ರೀಯ ಕಂಪನಿಗಳಲ್ಲಿ ಮೂರು ಬಗೆಯ ಧೋರಣೆ ಕಂಡಿದ್ದರು. ನಮ್ಮ ರೀತಿಯೇ ಸರಿ ಎನ್ನುವವರು. ಆಯಾ ದೇಶದವರು ಅವರವರ ಪಾಡಿಗೆ ಮಾಡಿಕೊಳ್ಳಲಿ ಎನ್ನುವವರು. ಒಳ್ಳೆಯ ಮನುಷ್ಯ, ಒಳ್ಳೆಯ ಉಪಾಯ ಎಲ್ಲಿಂದ ಬಂದರೂ ತೆಗೆದುಕೊಳ್ಳೋಣ ಎನ್ನುವವರು. ನಿಮ್ಮ ಬಾಸ್ ಕೇಳುತ್ತಿರುವುದು ಈ ಮೂರನೆಯದನ್ನು ಎಂದುಕೊಳ್ಳುತ್ತೇನೆ. ಇದಕ್ಕೆ ನೀವು ಬೇರೆಯವರಾಗಬೇಕಿಲ್ಲ. ನಡವಳಿಕೆಯೊಂದನ್ನು ನೋಡಿದ ಕೂಡಲೇ ಅದಕ್ಕೆ ಅರ್ಥ ಹಚ್ಚುವುದನ್ನು ಸ್ವಲ್ಪ ತಡ ಮಾಡಿ, ಕೆಲಸದ ವ್ಯವಸ್ಥೆಯನ್ನು ಬದಲಿಸಲು ಸಿದ್ಧರಿರಬೇಕು, ಅಷ್ಟೇ.

ವ್ಯವಸ್ಥೆ ಬದಲಾದರೆ ಎಷ್ಟು ಬದಲಾಗುತ್ತದೆ ಎಂಬುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಕಂಡಿದೆ. ಅಲ್ಲಿನ ಜನರಲ್ ಮೋಟರ್ಸ್ ಕಾರ್ಖಾನೆ 1982ರಲ್ಲಿ ಮುಚ್ಚಿತು. ಗೈರುಹಾಜರಿ, ಜಗಳ, ಕಳಪೆ ಕಾರುಗಳು ಎಂದು ಅಲ್ಲಿನ ಕೆಲಸಗಾರರಿಗೆ ಕೆಟ್ಟ ಹೆಸರಿತ್ತು. 1984ರಲ್ಲಿ ಟೊಯೋಟಾ ಜೊತೆ ಸೇರಿ ಅದೇ ಕಾರ್ಖಾನೆ ಮತ್ತೆ ಶುರುವಾಯಿತು. ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಅದೇ ಹಳಬರು. ಹಲವರನ್ನು ತರಬೇತಿಗೆ ಜಪಾನಿಗೆ ಕಳಿಸಿದರು. ತೊಂದರೆ ಕಂಡರೆ ಯಾವ ಕೆಲಸಗಾರ ಬೇಕಾದರೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು ಎಂದರು. ಕೆಲವೇ ವರ್ಷಗಳಲ್ಲಿ ಆ ಕಾರ್ಖಾನೆ ಗುಣಮಟ್ಟಕ್ಕೆ ಹೆಸರಾಯಿತು. ಆ ಅಮೆರಿಕನ್ನರು ಜಪಾನಿಯರಾಗಲಿಲ್ಲ. 'ಇವರು ಇಷ್ಟೇ' ಎಂದು ಹಿಂದೆ ಬರೆದಿಟ್ಟವರ ಮಾತು ಮಾತ್ರ ಸುಳ್ಳಾಯಿತು.

ಅದಕ್ಕೇ ಈ ರೇಟಿಂಗ್ ಬಗ್ಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಒಬ್ಬರ ಸಂಬಳ, ಬಡ್ತಿ, ಹೆಸರು ಅದರ ಮೇಲೆ ನಿಂತಿದೆ. ಬಾಸ್ ಹತ್ತಿರ ಎರಡು ವಾರ ಸಮಯ ಕೇಳಿ, ಕಾರಣವನ್ನೂ ಹೇಳಿ. ಅವರು ಬರೆದದ್ದನ್ನು ನೀವು ಗಂಭೀರವಾಗಿ ತೆಗೆದುಕೊಂಡಿದ್ದೀರಿ ಎಂದು ಅವರಿಗೂ ಗೊತ್ತಾಗುತ್ತದೆ. ಸಮಯ ಸಿಗದಿದ್ದರೆ 'ಆಸಕ್ತಿ ಇಲ್ಲ' ಎಂಬುದನ್ನು ಹೊಡೆದುಹಾಕಿ, ಕಂಡದ್ದನ್ನು ಮಾತ್ರ ಬರೆಯಿರಿ: ಯಾವ ಕೆಲಸ ಚೆನ್ನಾಗಿ ಮುಗಿಯಿತು, ಯಾವುದು ತಪ್ಪಿತು, ಮೀಟಿಂಗ್ ಯಾವ ಹೊತ್ತಿಗೆ ಇತ್ತು, ಅವರು ಯಾವ ಎಚ್ಚರಿಕೆ ಕೊಟ್ಟಿದ್ದರು. ಡೆಡ್‌ಲೈನ್ ತಪ್ಪಿದ್ದರಲ್ಲಿ ಅವರ ಪಾಲೂ ಇರಬಹುದು, ಅದನ್ನೂ ಬರೆಯಿರಿ. ಆದರೆ ಮೊದಲು ಅವರಿಗೆ ತೋರಿಸಿ, ಅವರ ಉತ್ತರ ಬಂದ ಮೇಲೆ ಕಳಿಸಿ.