ಜಿಪ್ಸಿಗೆ ಸ್ವಿಫ್ಟ್ ಡೀಸೆಲ್ ಇಂಜಿನ್ ಕೂರಿಸಿದ ಮೇಲೆ ಹೀಟ್ ಆಗ್ತಿದೆ, ಥರ್ಮೋಸ್ಟಾಟ್ ತೆಗೆಸಲಾ?

ದಯವಿಟ್ಟು ತೆಗೆಸಬೇಡಿ. ಥರ್ಮೋಸ್ಟಾಟ್ ಅಂದರೆ ಇಂಜಿನ್ ಬಿಸಿಯಾದಾಗ ರೇಡಿಯೇಟರ್ ಕಡೆಗೆ ನೀರು ಬಿಡುವ ಕವಾಟ. ಕಲಬುರಗಿಯಲ್ಲಿ ಗಾಡಿ ರಿಪೇರಿ ನನ್ನ ಕೆಲಸ. ಬೇಸಿಗೆ ಬಂದರೆ ಈ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಆದರೆ ಎಷ್ಟೋ ಇಂಜಿನ್‌ಗಳಲ್ಲಿ ಬಿಸಿಯಾದಾಗ ರೇಡಿಯೇಟರ್ ತಪ್ಪಿಸುವ ಬೈಪಾಸ್ ದಾರಿ ಮುಚ್ಚುವುದೂ ಥರ್ಮೋಸ್ಟಾಟೇ. ಅದನ್ನು ತೆಗೆದರೆ ಬಿಸಿ ನೀರಿನಲ್ಲಿ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತುತ್ತದೆ.

ಊರೊಳಗೆ ಏನೂ ಆಗಲ್ಲ, ಹುಮನಾಬಾದ್ ರಸ್ತೆಯಲ್ಲಿ 80 ಕಿ.ಮೀ. ವೇಗ ದಾಟಿದರೆ ಮಾತ್ರ ಹೀಟ್ ಮೀಟರಿನ ಮುಳ್ಳು ಮೇಲೇರುತ್ತದೆ ಅಂತ ಬರೆದಿದ್ದೀರಿ. ಹಾಗಾದರೆ ಫ್ಯಾನ್ ಮೇಲೆ ಅನುಮಾನ ಬೇಡ. ಫ್ಯಾನ್ ಕೆಟ್ಟಿದ್ದರೆ ಸೂಪರ್ ಮಾರ್ಕೆಟ್ ಟ್ರಾಫಿಕ್ಕಿನಲ್ಲೇ ಗೊತ್ತಾಗುತ್ತಿತ್ತು.

ಮೊದಲು ಮುಳ್ಳು ನಿಜ ಹೇಳುತ್ತಿದೆಯಾ ನೋಡಿ. ಮೀಟರ್ ಜಿಪ್ಸಿಯದು, ಸೆನ್ಸರ್ ಸ್ವಿಫ್ಟಿನದು ಆಗಿದ್ದರೆ ಎರಡಕ್ಕೂ ಹೊಂದಾಣಿಕೆ ಇರಲ್ಲ. ಸ್ಕ್ಯಾನರ್ ಹಾಕಿ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಷ್ಟು ಡಿಗ್ರಿ ತೋರಿಸುತ್ತದೆ ಅಂತ ಓದಿ. 90ರ ಆಸುಪಾಸು ಇದ್ದರೆ ಚಿಂತೆಯಿಲ್ಲ. 110 ದಾಟುತ್ತಿದ್ದರೆ ಗಾಡಿ ಓಡಿಸಬೇಡಿ.

ದೊಡ್ಡ ರೇಡಿಯೇಟರ್‌ಗೆ ಈಗಲೇ ದುಡ್ಡು ಸುರಿಯಬೇಡಿ. ಕಾರ್ಬ್ಯುರೇಟರ್ ಇಲ್ಲದ ಹೊಸ ಮಾದರಿಯ 1300 ಸಿಸಿ ಜಿಪ್ಸಿ ಕಿಂಗ್ ಸುಮಾರು 80 ಹಾರ್ಸ್‌ಪವರ್, ಈ ಡೀಸೆಲ್ ಸುಮಾರು 75. ಹಾಗಾಗಿ ಕಿಂಗಿನ ರೇಡಿಯೇಟರ್ ಇದಕ್ಕೂ ಸಾಕಾಗಬೇಕು. ಹಳೇ 1000 ಸಿಸಿ ಜಿಪ್ಸಿಯ ರೇಡಿಯೇಟರ್ ಇದ್ದರೆ ಮಾತು ಬೇರೆ.

ನನಗೆ ಜಾಸ್ತಿ ಅನುಮಾನ ಗಾಳಿಯ ಮೇಲೆ, ಒಳಗಿನದು ಹೊರಗಿನದು ಎರಡರ ಮೇಲೂ. ಸ್ವಿಫ್ಟಿನಲ್ಲಿ ಈ ಇಂಜಿನ್ ಅಡ್ಡಕ್ಕೆ ಕೂತಿರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಹೀಗೆ ತಿರುಗಿಸಿದಾಗ ನೀರಿನ ಪೈಪುಗಳನ್ನು ಉದ್ದ ಮಾಡಿ, ಬಾಗಿಸಿ ತರಬೇಕಾಗುತ್ತದೆ. ಪೈಪು ಎಲ್ಲಿ ಎತ್ತರಕ್ಕೆ ಏರಿ ಇಳಿಯುತ್ತದೋ ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಕೂಲಂಟ್ (ಇಂಜಿನ್ ತಣಿಸುವ ದ್ರವ) ತುಂಬುವ ಬಾಯಿ ಇಡೀ ವ್ಯವಸ್ಥೆಯಲ್ಲೇ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಗಾಡಿಯ ಮೂತಿ ಏರಿನ ಕಡೆ ನಿಲ್ಲಿಸಿ, ಹೀಟರ್ ಆನ್ ಮಾಡಿ, ತಣ್ಣಗಿರುವಾಗಲೇ ಕ್ಯಾಪ್ ತೆಗೆದು ಇಂಜಿನ್ ಶುರುಮಾಡಿ, ಗುಳ್ಳೆ ನಿಲ್ಲುವವರೆಗೆ ನಿಧಾನಕ್ಕೆ ತುಂಬಿ. ಮೇಲಿನ ಪೈಪಿನ ಎತ್ತರದ ಜಾಗದಲ್ಲಿ ಗಾಳಿ ಬಿಡುವ ಸ್ಕ್ರೂ ಹಾಕಿಸಿದರೆ ಇನ್ನೂ ಒಳ್ಳೆಯದು.

ಇನ್ನು ಹೊರಗಿನ ಗಾಳಿ. ಟರ್ಬೊದಿಂದ ಇಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವುದು ಇಂಟರ್‌ಕೂಲರ್. ಇಂಟರ್‌ಕೂಲರ್ ರೇಡಿಯೇಟರಿನ ಮುಂದೆ ಕೂರಿಸಿದ್ದಾರಾ? ಹಾಗಿದ್ದರೆ ರೇಡಿಯೇಟರ್‌ಗೆ ಸಿಗುವುದು ಆಗಲೇ ಬಿಸಿಯಾದ ಗಾಳಿ. ನಮ್ಮಲ್ಲಿ ಮೇ ತಿಂಗಳು ಬಿಸಿಲೇ 42 ಡಿಗ್ರಿ ಇರುತ್ತದೆ, ಅಲ್ವಾ? ರೇಡಿಯೇಟರಿನ ಸುತ್ತ ಇರುವ ಸಂದುಗಳನ್ನು ರಬ್ಬರ್ ಶೀಟಿನಿಂದ ಮುಚ್ಚಿಸಿ. ಗಾಳಿ ಸುಲಭದ ದಾರಿ ಹುಡುಕುತ್ತದೆ, ಸಂದು ಬಿಟ್ಟರೆ ಜಾಲಿಯೊಳಗೆ ನುಗ್ಗಲ್ಲ.

ಬಾನೆಟ್ ತೆಗೆದು 3000 ಆರ್‌ಪಿಎಂವರೆಗೆ ರೇಸ್ ಕೊಡಿಸಿ, ರೇಡಿಯೇಟರಿನ ಕೆಳಗಿನ ಪೈಪು ನೋಡಿ. ಚಪ್ಪಟೆಯಾಗುತ್ತಿದ್ದರೆ ಒಳಗೆ ಸ್ಪ್ರಿಂಗ್ ಇರುವ ಪೈಪು ಬೇಕು. ಬೋರ್ ನೀರು ಮಾತ್ರ ಹಾಕಲೇಬೇಡಿ. ನಮ್ಮ ಕಡೆಯ ಗಡಸು ನೀರಿನ ಬಿಳಿ ಪುಡಿ ಟ್ಯೂಬುಗಳನ್ನು ಕಟ್ಟಿಬಿಡುತ್ತದೆ. ಡಿಸ್ಟಿಲ್ಡ್ ನೀರು, ಕೂಲಂಟ್ ಅರ್ಧ ಅರ್ಧ.

ಇಷ್ಟೆಲ್ಲ ಮಾಡಿದ ಮೇಲೂ ಗುಳ್ಳೆ ಬರುತ್ತಲೇ ಇದ್ದರೆ, ತೋರುವಂಥ ಸೋರಿಕೆ ಇಲ್ಲದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ದೂರದ ಪ್ರಯಾಣ ಬೇಡ.